ಮಲ್ಪೆಯ ಕಲ್ಲುಕಂಬಕ್ಕೆ ಆರು ಮೂಲೆ ಹೇಗೆ ಬಂತು?

ಪ್ರಶ್ನೆ: ಮಲ್ಪೆಯಿಂದ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದೆವು. ಅಲ್ಲಿನ ಕಲ್ಲುಕಂಬಗಳನ್ನು ನೋಡಿ ‘ಇವನ್ನು ಯಾರು ಕಡೆದಿದ್ದು?’ ಎಂದು ಮಗಳು ಕೇಳಿದಳು. ಲಾವಾ ಆರಿ ಹಾಗಾಗಿದೆ ಎಂದೆ. ‘ಸುಮ್ನೆ ಆರಿದರೆ ಆರು ಮೂಲೆ ಹೇಗೆ ಬರುತ್ತೆ?’ ಅಂದಳು. ಏನು ಹೇಳಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮಗಳ ಎರಡನೇ ಪ್ರಶ್ನೆ ಓದಿ ನನಗೆ ತುಂಬಾ ಖುಷಿಯಾಯಿತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಮಕ್ಕಳನ್ನು ಆ ದ್ವೀಪಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಎಲ್ಲರೂ ಮೊದಲನೇ ಪ್ರಶ್ನೆ ಕೇಳುತ್ತಿದ್ದರು. ಎರಡನೆಯದನ್ನು ಕೇಳಿದವರು ಕಡಿಮೆ.

ಬೇಸಿಗೆಯಲ್ಲಿ ಬತ್ತಿದ ಕೆರೆಯನ್ನು ಅವಳಿಗೆ ತೋರಿಸಿ. ಕೆಸರು ಒಣಗುತ್ತಾ ಕುಗ್ಗುತ್ತದೆ. ಅಕ್ಕಪಕ್ಕದ ಕೆಸರೂ ಕುಗ್ಗುತ್ತಿರುವುದರಿಂದ ಎಲ್ಲ ಕಡೆ ಎಳೆತ. ತಡೆಯಲಾರದೆ ಬಿರಿಯುತ್ತದೆ. ಲಾವಾ ಕೂಡ ಆರುವಾಗ ಕುಗ್ಗುತ್ತದೆ, ಹಾಗೆಯೇ ಬಿರಿಯುತ್ತದೆ.

ಮೊದಲು ಮೇಲ್ಮೈಯಲ್ಲಿ ಬರುವ ಬಿರುಕುಗಳಿಗೆ ಅಂದಚಂದ ಇರುವುದಿಲ್ಲ. ಒಂದು ಬಿರುಕು ಹೋಗಿ ಇನ್ನೊಂದಕ್ಕೆ ಅಡ್ಡಡ್ಡ ಸೇರುತ್ತದೆ. ಆದರೆ ಲಾವಾ ಒಳಗೊಳಗೆ ಆರುತ್ತಾ ಹೋದ ಹಾಗೆ ಬಿರುಕೂ ಒಂದೊಂದೇ ಹೆಜ್ಜೆ ಕೆಳಗಿಳಿಯುತ್ತದೆ. ಪ್ರತಿ ಹೆಜ್ಜೆಗೂ ಚೂರು ಚೂರು ಜರುಗುತ್ತಾ, ಕೊನೆಗೆ ಮೂರು ಬಿರುಕುಗಳು 120 ಡಿಗ್ರಿ ಕೋನದಲ್ಲಿ ಕೂಡುವ ಹಂತಕ್ಕೆ ಬರುತ್ತದೆ. ಮೂರೂ ದಿಕ್ಕಿನ ಎಳೆತ ಸಮನಾಗಿ ಸಡಿಲವಾಗುವುದು ಆಗಲೇ. ಎಲ್ಲ ಮೂಲೆಗಳೂ 120 ಡಿಗ್ರಿ ಆದರೆ ಆಕಾರ ಷಟ್ಕೋನವೇ ಆಗಬೇಕು, ಅಲ್ವಾ? ಜೇನುಗೂಡಿನಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ, ನಿಜ. ನನ್ನ ಮಕ್ಕಳು ಎಣಿಸಿದಾಗ ಐದು ಮೂಲೆಯವು, ಏಳು ಮೂಲೆಯವು ಕೂಡ ಸಿಗುತ್ತಿದ್ದವು.

ಇನ್ನೊಂದು ಮಾತು. ಇದು ದಖ್ಖನ್ ಪ್ರಸ್ಥಭೂಮಿಯ ಕಪ್ಪು ಲಾವಾದ ತುಂಡು ಎಂದು ಕೆಲವರು ತಿಳಿದಿದ್ದಾರೆ. ಅಲ್ಲ. ದಖ್ಖನ್ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಮಲ್ಪೆಯ ಕಲ್ಲು 8 ಕೋಟಿ ವರ್ಷಕ್ಕಿಂತಲೂ ಹಳೆಯದು. ಮಡಗಾಸ್ಕರ್ ನಮ್ಮ ಕರಾವಳಿಯಿಂದ ಬೇರೆಯಾದ ಕಾಲದ್ದು. ಆ ವಯಸ್ಸಿನ ಲಾವಾ ಕಲ್ಲು ಮಡಗಾಸ್ಕರ್‌ನಲ್ಲೂ ಇದೆ. ಆ ಕಂಬದ ಮೇಲೆ ಕೂತು ಪಶ್ಚಿಮಕ್ಕೆ ನೋಡುವಾಗಲೆಲ್ಲ, ಈ ಸಮುದ್ರ ಇಲ್ಲದೇ ಇದ್ದ ಕಾಲವೂ ಒಂದಿತ್ತು ಎನ್ನುವುದು ನೆನಪಾಗಿ ನನಗೆ ಮೈ ಜುಮ್ಮೆನ್ನುತ್ತಿತ್ತು.

ಮಗಳ ಜೊತೆ ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಗೋಬಿ ಮಂಚೂರಿಗೆ ಹಾಕುವ ಕಾರ್ನ್ ಫ್ಲೋರ್ ಇದೆಯಲ್ಲ, ಅದಕ್ಕೆ ಅಷ್ಟೇ ನೀರು ಸೇರಿಸಿ ಕಲಸಿ, ಗಾಜಿನ ಲೋಟಕ್ಕೆ ಸುರಿಯಿರಿ. ಬಿಸಿಯಾಗುವ ಹಳೇ ಕಾಲದ ಬಲ್ಬಿನ ಕೆಳಗೆ ಇಡಿ. ಎಲ್‌ಇಡಿ ಬೇಡ, ಅದರ ಶಾಖ ಸಾಲದು. ನಾನು ಮಾಡಿದಾಗ ಪೂರ್ತಿ ಒಣಗಲು ಒಂದು ವಾರ ಹಿಡಿದಿತ್ತು. ನಡುವೆ ಅಲುಗಾಡಿಸಬೇಡಿ. ಒಣಗಿದ ಮೇಲೆ ಗಟ್ಟಿಯನ್ನು ಮೆಲ್ಲಗೆ ಬಿಡಿಸಿ ನೋಡಿ. ಒಳಗೆ ಕಡ್ಡಿಯಂಥ ಸಣ್ಣ ಸಣ್ಣ ಕಂಬಗಳು ಒತ್ತೊತ್ತಾಗಿ ನಿಂತಿರುತ್ತವೆ. ಮೇಲೆ ಸಪೂರ, ಕೆಳಕ್ಕೆ ಹೋದ ಹಾಗೆ ದಪ್ಪ. ಕೆಳಗೆ ಒಣಗುವುದು ನಿಧಾನ, ಅದಕ್ಕೇ ಹಾಗೆ. ಭೂತಗನ್ನಡಿ ಕೊಟ್ಟು ಮಗಳ ಕೈಯಲ್ಲೇ ಮೂಲೆ ಎಣಿಸಿಸಿ. ಎಷ್ಟೆಷ್ಟು ಸಿಕ್ಕವು ಎಂದು ನನಗೂ ಬರೆಯಲಿ.