ನಿಮ್ಮ ಯೀಸ್ಟ್ ಲೇಖನದ ಬಗ್ಗೆ, ಸ್ವಲ್ಪ ಖಾರವಾಗಿ

ನಮಸ್ಕಾರ. 'ಯೀಸ್ಟ್ ಕೊಟ್ಟ ಮಲೇರಿಯಾ ಮದ್ದು' ಓದಿದೆ, ಗಿಡದಿಂದ ಸಿಗೋ ಆರ್ಟೆಮಿಸಿನಿನ್ ಅನ್ನೋ ಮಲೇರಿಯಾ ಮದ್ದನ್ನ ಯೀಸ್ಟಿನಿಂದ ಮಾಡಿಸಿದ ಕಥೆ. ಭಾಷೆ ಚೆನ್ನಾಗಿದೆ, ವಿಷಯಾನೂ ಒಳ್ಳೇದೇ ಆರಿಸ್ಕೊಂಡಿದೀರ. ಈಗ ನನ್ನ ತಲೆ ಕೆಡಿಸಿದ ಜಾಗಕ್ಕೆ ಬರ್ತೀನಿ.

ಮೂರನೇ ಪ್ಯಾರಾ. "ಬರ್ಕ್ಲಿಯ ಜೇ ಕೀಸ್ಲಿಂಗ್ ತಂಡ ಗಿಡದ ಜೀನ್‌ಗಳನ್ನು ಯೀಸ್ಟಿಗೆ ಸೇರಿಸಿತು, ಯೀಸ್ಟ್ ಆರ್ಟೆಮಿಸಿನಿನ್ ತಯಾರಿಸತೊಡಗಿತು." ಇಡೀ ಲೇಖನ ಇರ್ಬೇಕಾದ್ದೇ ಆ ಕಾಮಾ ಇರೋ ಜಾಗದಲ್ಲಿ ಕಣ್ರೀ, ನೀವು ಅದನ್ನ ಹಾರಿ ಹೋಗ್ಬಿಟ್ರಿ. ಮೊದಲನೇದಾಗಿ ಯೀಸ್ಟ್ ಮಾಡಿದ್ದು ಆರ್ಟೆಮಿಸಿನಿನ್ ಅಲ್ಲವೇ ಅಲ್ಲ, ಅದರ ಹಿಂದಿನ ಹಂತ, ಆರ್ಟೆಮಿಸಿನಿಕ್ ಆಸಿಡ್. ಮಿಕ್ಕಿದ್ದು ಸೆಲ್ಲಿನ ಹೊರಗೆ, ಬರೀ ಕೆಮಿಸ್ಟ್ರಿ.

ಇನ್ನು ಆ "ಸೇರಿಸಿತು". ಸೇರಿಸಿದ ತಕ್ಷಣ ಎಲ್ಲಾ ಆಗೋಯ್ತಾ? ಯೀಸ್ಟ್ ತನ್ನ ಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ಮಾಡ್ಕೊಳೋಕೆ ಎಫ್‌ಪಿಪಿ ಅನ್ನೋ ಕಚ್ಚಾಮಾಲು ಬಳಸುತ್ತೆ, ಗಿಡದಿಂದ ತಂದ ಎಂಜೈಮಿಗೂ ಅದೇ ಬೇಕು. ಪೂರ್ತಿ ಕಿತ್ಕೊಂಡ್ರೆ ಯೀಸ್ಟ್ ಬದುಕಲ್ಲ, ಬಿಟ್ರೆ ಮದ್ದು ಹುಟ್ಟಲ್ಲ. ಅದಕ್ಕೇ ಅವ್ರು ಎಫ್‌ಪಿಪಿಯನ್ನ ಆ ಕಡೆ ಎಳೆಯೋ ಇಆರ್‌ಜಿ9 ಜೀನನ್ನ ತೆಗೆದು ಹಾಕ್ಲಿಲ್ಲ, ನಲ್ಲಿ ತಿರುಗಿಸಿದ ಹಾಗೆ ಸಣ್ಣ ಮಾಡಿದ್ರು. ಜಗಳ ಇರೋದೇ ಇಲ್ಲಿ, ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ.

ಮುಂದಿನ ಸಾಲು, "ನಿರಂತರ ಸಂಶೋಧನೆಯಿಂದ" 2006ರಲ್ಲಿ ಲೀಟರಿಗೆ 100 ಮಿಲಿಗ್ರಾಂ ಆಸಿಡ್ ಇದ್ದದ್ದು 2013ಕ್ಕೆ 25 ಗ್ರಾಂ ಆಯ್ತು ಅಂತೀರ. ಏನು ಮಾಡಿದ್ರು ಅಂತ ಬರೀರಿ! ಆಸಿಡ್ ಆಗೋ ದಾರೀಲಿ ಕೈಕೊಡ್ತಿದ್ದ ಹೆಜ್ಜೆಗಳಿಗೆ ಗಿಡದಿಂದಲೇ ಇನ್ನಷ್ಟು ಎಂಜೈಮ್ ಹುಡುಕಿ ತಂದ್ರು, ಯೀಸ್ಟ್ ಬೆಳೆಸೋ ಟ್ಯಾಂಕಿನಲ್ಲಿ ಎಣ್ಣೆಯಂಥ ದ್ರವ ಹಾಕಿ ಹೊರಬಂದ ಆಸಿಡ್ ಅದರೊಳಗೆ ಸೇರ್ಕೊಳೋ ಹಾಗೆ ಮಾಡಿದ್ರು.

ನಾನು ಟ್ರೈನಿ ಆಗಿದ್ದಾಗ ಡೆಸ್ಕಿನ ಹಿರಿಯರೊಬ್ರು ಸೈನ್ಸ್ ಕಾಪಿ ಕೊಟ್ರೆ ಓದ್ತಾನೇ ಇರ್ಲಿಲ್ಲ, ಕವುಚಿ ಹಾಕಿ "ಒಳಗೆ ಏನಾಗುತ್ತೆ, ಬಾಯಲ್ಲಿ ಹೇಳು" ಅನ್ನೋರು. ಕುಡಿಯೋ ನೀರಿನ ಶುದ್ಧೀಕರಣದ ಬಗ್ಗೆ ಬರೆದಾಗ ಪಟಿಕ ಹಾಕಿದ್ರೆ ಕೆಸರು ಯಾಕೆ ತಳ ಸೇರುತ್ತೆ ಅಂತ ಕೇಳಿ ನನ್ನನ್ನ ಪಂಪ್‌ಹೌಸಿಗೇ ಓಡಿಸಿದ್ರು. ಅಲ್ಲಿನ ಆಪರೇಟರ್ ಗಾಜಿನ ಜಾರಲ್ಲಿ ಕಲಸಿ ತೋರ್ಸಿದ, ಕಣ್ಣೆದುರೇ ಪುಡಿಪುಡಿ ಮಣ್ಣು ಹಿಂಜಿದ ಹತ್ತಿ ತರ ಕೂಡ್ಕೊಂಡು ಕೆಳಗಿಳೀತು. ಆ ಹಿರಿಯರ ಮೇಲೆ ಆಗ ಕೋಪ ಇತ್ತು, ಈಗ ನೋಡಿದ್ರೆ ನಾನೂ ಅವರ ತರಾನೇ ಆಗಿದೀನಿ.

ಕೊನೇ ಸಾಲು "ಇನ್ನು ಗಿಡವೇ ಬೇಕಿಲ್ಲ" ಅನ್ನೋದು ಸುಳ್ಳು. ಗಿಡದ ಆರ್ಟೆಮಿಸಿನಿನ್ ಬೆಲೆ ಕೆಜಿಗೆ 250 ಡಾಲರಿಗಿಂತ ಕೆಳಗೆ ಬಿತ್ತು, ಇದನ್ನ ತಯಾರಿಸ್ತಿದ್ದ ಔಷಧಿ ಕಂಪನಿ ಸ್ಯಾನೋಫಿಯ ಯೀಸ್ಟ್ ಮಾಲು 350ರ ಮೇಲಿತ್ತು. 2015ರಲ್ಲಿ ಅವ್ರು ಒಂದು ಗ್ರಾಮೂ ತಯಾರಿಸ್ಲಿಲ್ಲ. ಇದನ್ನ ಮುಚ್ಚಿಟ್ಟು ಜೈ ಅಂದ್ರೆ ಹೆಂಗೆ?

ಆರ್ಟೆಮಿಸಿನಿನ್ ಕಂಡುಹಿಡಿದ ತೂ ಯೂಯೂ ಅವರ ನೊಬೆಲ್ ಪ್ಯಾರಾ ಅರ್ಧ ಮಾಡಿ, ಆ ಜಾಗ ಇಆರ್‌ಜಿ9ಗೆ ಕೊಡಿ. ಶುಕ್ರವಾರದೊಳಗೆ ಕಳ್ಸಿ, ಹೆಡ್ಡಿಂಗ್ ನಾನು ನೋಡ್ಕೋತೀನಿ.