ಕಾರಿನ ಸೈಲೆನ್ಸರ್ ಸದ್ದು ವಿಡಿಯೋದಲ್ಲಿ ಒಡೆಯುತ್ತಿದೆ. ಜೋರಿನ ಸಿಗ್ನಲ್ಲನ್ನೂ ಕತ್ತರಿಸದೆ ಉಳಿಸುವ 32 ಬಿಟ್ ಫ್ಲೋಟ್ ರೆಕಾರ್ಡರ್ ತಗೊಳ್ಳಲಾ, ಹೊಗೆಗೆ ತಡೆ ಕಡಿಮೆಯಿರುವ ಜೋರು ಸದ್ದಿನ ಫ್ರೀ-ಫ್ಲೋ ಸೈಲೆನ್ಸರ್ ಹಾಕಿಸಲಾ?

ಎರಡೂ ಬೇಡ. ನಾನೂ ರೆಕಾರ್ಡರ್ ಬದಲಾಯಿಸಿ ಹಳೇ ಕಾಲರ್ ಮೈಕನ್ನೇ ಉಳಿಸಿಕೊಂಡೆ. ಚಾರ್ಮಾಡಿ ಘಾಟಿಯ ಇಡೀ ದಿನದ ಶೂಟ್ ಹಾಳಾಯಿತು.

32 ಬಿಟ್ ಫ್ಲೋಟ್ ಉಳಿಸುವುದು ರೆಕಾರ್ಡರ್ ಒಳಗೆ ಬಂದ ಸಿಗ್ನಲ್ಲನ್ನು ಮಾತ್ರ. ಸದ್ದು ಒಡೆದದ್ದು ಅದಕ್ಕೂ ಮೊದಲು, ಮೈಕಿನಲ್ಲೇ. ಮಾತಿಗೆಂದು ಮಾಡಿದ ಅಗ್ಗದ ಕಾಲರ್ ಮೈಕು ರೆಕಾರ್ಡರ್ ಕೊಡುವ ಎರಡು-ಮೂರು ವೋಲ್ಟಿನಲ್ಲಿ ನಡೆಯುತ್ತದೆ. ಅದರೊಳಗಿನ ಪುಟ್ಟ ಟ್ರಾನ್ಸಿಸ್ಟರ್ ಆ ಮಿತಿ ಮೀರಿದ ಅಲೆಯ ತುದಿಯನ್ನು ಕತ್ತರಿಸಿಬಿಡುತ್ತದೆ. ಎಡಿಟಿಂಗ್ ಆ್ಯಪಿನಲ್ಲಿ ವೇವ್‌ಫಾರ್ಮ್ (ಸದ್ದಿನ ಅಲೆಯ ಚಿತ್ರ) ಹಿಗ್ಗಿಸಿ ನೋಡಿ. 24 ಬಿಟ್ ಫೈಲಿನಲ್ಲಿ ತುದಿಗಳು ಸೊನ್ನೆ ಡಿಬಿಯಲ್ಲಿ, ಅಂದರೆ ಫೈಲಿನ ಗರಿಷ್ಠ ಮಟ್ಟದಲ್ಲಿ ಚಪ್ಪಟೆಯಾಗಿದ್ದರೆ ರೆಕಾರ್ಡರಿನ ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಜಾಸ್ತಿಯಾಗಿದೆ. ಮೈನಸ್ 9ರಲ್ಲೋ 10ರಲ್ಲೋ ಚಪ್ಪಟೆಯಾಗಿದ್ದರೆ ಮೈಕೇ ಕೈಕೊಟ್ಟಿದೆ. ಗೇನ್ ಇಳಿಸಿದರೆ ಆ ಚಪ್ಪಟೆ ಕೆಳಗೆ ಜಾರುತ್ತದೆಯೇ ಹೊರತು ಹೋಗುವುದಿಲ್ಲ. ಗರಿಷ್ಠ ಎಸ್‌ಪಿಎಲ್ (ಮೈಕು ಒಡೆಯದೆ ತಡೆಯಬಲ್ಲ ಅತಿ ಜೋರಿನ ಸದ್ದು) 130 ಡಿಬಿಗಿಂತ ಹೆಚ್ಚಿರುವ ಮೈಕ್ ಹುಡುಕಿ. ಅಲ್ಲಿಯವರೆಗೆ ಪೈಪಿನಿಂದ ಮೈಕಿನ ದೂರ ಹೆಚ್ಚಿಸಿ: 15 ಸೆಂ.ಮೀ. ಇದ್ದದ್ದನ್ನು 30 ಮಾಡಿದರೆ ಸುಮಾರು 6 ಡಿಬಿ ಇಳಿಯುತ್ತದೆ.

ಮೈಕಿನ ಜಾಗ ಹಿಂದಿನ ನಂಬರ್ ಪ್ಲೇಟ್ ಪಕ್ಕ, ಪೈಪಿನಿಂದ 30-45 ಸೆಂ.ಮೀ. ಬದಿಗೆ. ಹೊಗೆ ನುಗ್ಗುವ ದಾರಿಯಲ್ಲಿ ಇಡಲೇಬೇಡಿ. ಅಲ್ಲಿ ಗಾಳಿಯ ಗುಡುಗೇ ತುಂಬುತ್ತದೆ, ಮೈಕಿನ ಫೋಮ್ ಸುಟ್ಟುಹೋಗುತ್ತದೆ. ಫೋಮ್ ಮೇಲೆ ಗಾಳಿ ತಡೆಯುವ ತುಪ್ಪಳದ ಹೊದಿಕೆ (ಡೆಡ್‌ಕ್ಯಾಟ್) ಕಡ್ಡಾಯ. ಬಂಪರಿನ ಧೂಳು ಒರೆಸಿ, ಮೈಕನ್ನು ಬಟ್ಟೆ ಟೇಪಿನಿಂದ ಎರಡು ಕಡೆ ಬಿಗಿಯಿರಿ. ವೈರನ್ನು ಡಿಕ್ಕಿಯ ರಬ್ಬರ್ ಬೀಡಿಂಗ್ ಕೆಳಗಿಂದ ತನ್ನಿ, ಲಾಕ್ ಹತ್ತಿರ ಬೇಡ. ರೆಕಾರ್ಡರನ್ನು ಟವೆಲಿನಲ್ಲಿ ಸುತ್ತಿಡಿ.

ಲೋ-ಕಟ್ (ತಗ್ಗು ಸ್ವರಗಳನ್ನು ಕತ್ತರಿಸುವ ಫಿಲ್ಟರ್) ಹಾಕಬೇಡಿ. ನಾಲ್ಕು ಸಿಲಿಂಡರ್ ಎಂಜಿನ್ 3000 ಆರ್‌ಪಿಎಂನಲ್ಲಿ ಕೊಡುವ ಮೂಲ ಸ್ವರ 100 ಹರ್ಟ್ಜ್, ಮೂರು ಸಿಲಿಂಡರಿನದು 75. ಗಾಳಿಯ ಗುಡುಗೂ ಅಲ್ಲೇ ಕೂತಿರುವುದರಿಂದ ಆಮೇಲೆ ಈಕ್ವಲೈಸರಿನಲ್ಲಿ ಎರಡನ್ನೂ ಬೇರೆ ಮಾಡಲಾಗದು, ಮೈಕಿನ ಹತ್ತಿರವೇ ತಡೆಯಬೇಕು. ಆಟೋ ಗೇನ್ ಆಫ್ ಇರಲಿ. ಅದು ಐಡಲ್ ಸದ್ದನ್ನು ಎತ್ತಿ ರೆಡ್‌ಲೈನ್ ಸದ್ದನ್ನು ಇಳಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಖಾಲಿ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಪೀಕ್ ಮೈನಸ್ 12 ಡಿಬಿಗೆ ನಿಲ್ಲುವಂತೆ ಗೇನನ್ನು ಮೊದಲೇ ಹೊಂದಿಸಿ.

ಫ್ರೀ-ಫ್ಲೋ ಕಂಪನಿ ಕೊಟ್ಟ ವಿನ್ಯಾಸವನ್ನೇ ಬದಲಿಸಿದಂತೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ಸಿಕ್ಕಿಬೀಳುತ್ತೀರಿ. ಮೈಕು ಹತ್ತಿರವಿದ್ದರೆ ಕಂಪನಿ ಸೈಲೆನ್ಸರಿನ ಸದ್ದೇ ತುಂಬಾ ಚೆನ್ನಾಗಿ ಬರುತ್ತದೆ.

ಹೊರಡುವ ಮುಂಚೆ ಒಮ್ಮೆ, ನಿಂತ ಮೇಲೆ ಒಮ್ಮೆ ಡಿಕ್ಕಿ ಬಾಗಿಲನ್ನು ಜೋರಾಗಿ ಬಡಿಯಿರಿ. ಕ್ಯಾಮೆರಾದಲ್ಲೂ ರೆಕಾರ್ಡರಿನಲ್ಲೂ ಆ ಧಡ್ ಸದ್ದು ಬಿದ್ದಿರುತ್ತದೆ, ಎರಡನ್ನೂ ಅದರಿಂದಲೇ ಜೋಡಿಸಬಹುದು.