ಎರಡು ವರ್ಷದ ಮಗಳು ಮೊಸರನ್ನ ಬಿಟ್ಟು ಏನೂ ಮುಟ್ಟೋದಿಲ್ಲ. ಏನು ಮಾಡಿಕೊಡಲಿ?

ಮೊದಲು ಹಾಲಿನ ಲೆಕ್ಕ ನೋಡಿ. ದಿನಕ್ಕೆ ಅರ್ಧ ಲೀಟರ್‌ಗಿಂತ ಜಾಸ್ತಿ ಕುಡಿದರೆ ಹೊಟ್ಟೆ ಅಲ್ಲೇ ತುಂಬುತ್ತದೆ, ಕಬ್ಬಿಣಾಂಶವೂ ಕಡಿಮೆಯಾಗಬಹುದು. ವರ್ಷ ದಾಟಿದ ಮೇಲೆ ಬೆಳವಣಿಗೆಯ ವೇಗ ತಗ್ಗುವುದರಿಂದ ಹಸಿವೂ ಸ್ವಲ್ಪ ತಗ್ಗುತ್ತದೆ. ಅದು ಸಹಜ.

ಮೊಸರನ್ನ ಇಷ್ಟ ಅಲ್ವಾ? ಅಲ್ಲಿಂದಲೇ ಶುರು ಮಾಡಿ. ಅಕ್ಕಿ ಜೊತೆ ಒಂದು ಹಿಡಿ ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿ, ಆರಿದ ಮೇಲೆ ಮೊಸರು ಕಲಸಿ. ಬಣ್ಣ ಅಷ್ಟೇನೂ ಬದಲಾಗದು, ಹಾಗಾಗಿ ಅನುಮಾನ ಕಡಿಮೆ! ಅದು ಒಗ್ಗಿದ ಮೇಲೆ ಬೇಯಿಸಿ ಹಿಸುಕಿದ ಕ್ಯಾರೆಟ್ ಸೇರಿಸಿ. ಒಂದು ಸಲಕ್ಕೆ ಒಂದೇ ಹೊಸ ರುಚಿ ಸಾಕು.

ಇಂಥ ಮಕ್ಕಳಿಗೆ ನನ್ನ ಆಯ್ಕೆ ಪಡ್ಡು. ದೋಸೆ ಹಿಟ್ಟಿಗೆ ಸಣ್ಣಗೆ ಹೆಚ್ಚಿದ ಪಾಲಕ್ ಅಥವಾ ಸಬ್ಬಸಿಗೆ ಸೇರಿಸಿ ಸುಟ್ಟು, ಚೂರು ಮಾಡಿ ತಟ್ಟೆಗೆ ಹಾಕಿಬಿಡಿ. ತಾನೇ ಎತ್ತಿ ತಿನ್ನಲಿ, ನೆಲ ಗಲೀಜಾದರೆ ಆಗಲಿ. ಬಾಳೆಹಣ್ಣು ಕಿವುಚಿ ಹಾಕಿದ ರಾಗಿ ದೋಸೆಯೂ ಚೆನ್ನಾಗಿರುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಮೊಟ್ಟೆ ತಿನ್ನುವ ಮನೆಯಾದರೆ ಮೊಟ್ಟೆ ದೋಸೆ. ಕಡಲೆಕಾಯಿ ಬೀಜ ಇಡಿಯಾಗಿ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ನುಣ್ಣಗೆ ಪುಡಿ ಮಾಡಿ ಹಾಕಿ.

ಉಗುಳಿದರೆ ಸುಮ್ನೆ ತಟ್ಟೆ ಎತ್ತಿ, ಕೆಲವು ದಿನ ಬಿಟ್ಟು ಮತ್ತೆ ಕೊಡಿ. ಹೊಸ ರುಚಿ ಒಪ್ಪಲು ಹತ್ತು ಹದಿನೈದು ಸಲವೂ ಬೇಕಾಗಬಹುದು. ತೂಕ ಇಳಿಯುತ್ತಿದ್ದರೆ ಅಥವಾ ನುಂಗಲು ಕಷ್ಟಪಡುತ್ತಿದ್ದರೆ ಮಾತ್ರ ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.